ಆಲ್ಕೇನೋ ಆಲ್ಕೀನೋ? ಕೆಮಿಸ್ಟ್ರಿ ಮಿಸ್‌ನ ಕೇಳಿ

ಈ ಸಲ ಪತ್ರಗಳ ಕಟ್ಟು ಬಿಚ್ಚಿದ್ರೆ ಹೈಡ್ರೋಕಾರ್ಬನ್ನೇ ಹೈಡ್ರೋಕಾರ್ಬನ್ನು, ಅಂದ್ರೆ ಬರೀ ಕಾರ್ಬನ್ನು ಹೈಡ್ರೋಜನ್ನು ಸೇರಿ ಆದ ವಸ್ತುಗಳು. ಟೆಸ್ಟ್ ಹತ್ರ ಬಂದಿರ್ಬೇಕು. ಮಿಕ್ಕ ಪ್ರಶ್ನೆಗಳನ್ನ ಮುಂದಿನ ಸಂಚಿಕೆಗೆ ಎತ್ತಿಟ್ಟಿದೀನಿ, ಇವತ್ತು ಪೂರ್ತಿ ಇದೇ.

ಪ್ರಶ್ನೆ: ಮಿಸ್, ಹತ್ತನೇ ಕ್ಲಾಸ್ ತನಕ ನಂದು ಕನ್ನಡ ಮೀಡಿಯಂ, ಈಗ ಫಸ್ಟ್ ಪಿಯುಸಿ ಸೈನ್ಸ್, ಎಲ್ಲಾ ಇಂಗ್ಲಿಷಲ್ಲಿ. ಮೊನ್ನೆ ಟೆಸ್ಟಲ್ಲಿ ಪ್ರೊಪೀನ್ ರಚನೆ ಬರೀರಿ ಅಂತ ಇತ್ತು, ನಾನು ಇಂಗ್ಲಿಷ್ ಸ್ಪೆಲಿಂಗ್ ನೋಡಿ ಅದನ್ನ ಪ್ರೊಪೇನ್ ಅಂತ ಓದ್ಕೊಂಡು ಎಲ್ಲಾ ಸಿಂಗಲ್ ಬಾಂಡ್ ಹಾಕ್ಬಿಟ್ಟೆ, ಸೊನ್ನೆ ಬಂತು. ಡಬಲ್ ಬಾಂಡ್ ಅಂದ್ರೇನು ಅಂತ ಗೊತ್ತು ಮಿಸ್, ಹೆಸರೇ ಕಲಸಿ ಹೋಗುತ್ತೆ. ಏನ್ ಮಾಡ್ಲಿ?
— ವಿದ್ಯಾರ್ಥಿನಿ, ಲಗ್ಗೆರೆ

ಉತ್ತರ: ಪುಟ್ಟಾ, ಇದು ನಿನ್ನ ದಡ್ಡತನ ಅಲ್ಲ, ಕಾಗುಣಿತದ ಕಿತಾಪತಿ. ಪ್ರತಿ ವರ್ಷ ಕನ್ನಡ ಮೀಡಿಯಂನಿಂದ ಪಿಯುಸಿಗೆ ಬರೋ ಮಕ್ಕಳಲ್ಲಿ ಇದೇ ತಪ್ಪು ನೋಡ್ತೀನಿ, ಇಂಗ್ಲಿಷ್ ಮೀಡಿಯಂ ಮಕ್ಕಳು ಈ ತಪ್ಪು ಮಾಡೋದು ಕಮ್ಮಿ, ಅವರು ಬೇರೆ ತಪ್ಪು ಮಾಡ್ತಾರೆ ಬಿಡು. ವಿಷಯ ಏನಂದ್ರೆ, ನಮ್ಮ ಕಣ್ಣಿಗೆ ಇಂಗ್ಲಿಷಿನ ಇ (e) ಅಕ್ಷರ ಅಂದ್ರೆ ಎಕಾರ ಇಲ್ಲಾ ಏಕಾರ. ಕೆಂಗೇರಿ ಅಂತ ಇಂಗ್ಲಿಷಲ್ಲಿ ಬರಿ ಅಂದ್ರೆ ಕೈ ತಾನಾಗೇ ಇ ಹಾಕುತ್ತೆ ಅಲ್ವಾ. ಅದಕ್ಕೇ ಪ್ರಶ್ನೆಪತ್ರಿಕೇಲಿ ಇ ಕಂಡ ತಕ್ಷಣ ನೀನು ಪೇ ಅಂತ ಓದಿದೆ. ಆದ್ರೆ ಇಂಗ್ಲಿಷಿನವರು ಎ (a) ಅಕ್ಷರ ಇದ್ದ ಕಡೆ ‘-ಏನ್’ ಅಂತಾರೆ (propane, ಪ್ರೊಪೇನ್), ಇ (e) ಇದ್ದ ಕಡೆ ‘-ಈನ್’ ಅಂತಾರೆ (propene, ಪ್ರೊಪೀನ್), ವೈ (y) ಇದ್ದ ಕಡೆ ‘-ಐನ್’ ಅಂತಾರೆ. ನಮ್ಮ ಕಾಗುಣಿತ ಒಂದು ದಾರಿ ಅವರ ಸ್ಪೆಲಿಂಗ್ ಇನ್ನೊಂದು ದಾರಿ, ಮಧ್ಯೆ ನೀನು ಸಿಕ್ಕಾಕೊಂಡಿದೀಯ.

ಇದಕ್ಕೊಂದು ಸುಲಭದ ಹಿಡಿಕೆ ಇದೆ, ಅದು ನಾನು ಕಟ್ಟಿದ್ದಲ್ಲ, ಹೆಸರು ಇಟ್ಟವರೇ ಇಟ್ಟಿರೋದು. 1866ರಲ್ಲಿ ಹಾಫ್‌ಮನ್ ಅನ್ನೋ ಜರ್ಮನ್ ಕೆಮಿಸ್ಟ್ ಇಂಗ್ಲಿಷಿನ ಸ್ವರಗಳನ್ನ ಸಾಲಾಗಿ ತಗೊಂಡು, ಎ ಇ ಐ ಓ ಯು ಅಂತ, ಹೈಡ್ರೋಜನ್ ಎರಡೆರಡು ಕಮ್ಮಿ ಆದ ಹಾಗೆ ಹೆಸರಿನ ಸ್ವರವನ್ನೂ ಮುಂದಕ್ಕೆ ತಳ್ಳೋಣ ಅಂದ. ಮೊದಲನೇ ಸ್ವರ ಎ, ಅದು ಆಲ್ಕೇನ್, ಕಾರ್ಬನ್ ಕಾರ್ಬನ್ ನಡುವೆ ಒಂದು ಬಂಧ. ಎರಡನೇ ಸ್ವರ ಇ, ಅದು ಆಲ್ಕೀನ್, ಎರಡು ಬಂಧ. ಮೂರನೇದು ಐ, ಅದೇ ಆಮೇಲೆ ವೈ ಆಯ್ತು, ಆಲ್ಕೈನ್, ಮೂರು ಬಂಧ. ಸ್ವರದ ನಂಬರ್ರೇ ಬಂಧದ ನಂಬರ್ರು. ಇಂಗ್ಲಿಷ್ ಪೇಪರ್ ಕೈಗೆ ಬಂದಾಗ ಉಚ್ಚಾರಣೆ ತಂಟೆಗೇ ಹೋಗ್ಬೇಡ, ಕೊನೇಲಿರೋ ನ್ ಶಬ್ದದ ಹಿಂದಿನ ಅಕ್ಷರಕ್ಕೆ ಪೆನ್ಸಿಲಲ್ಲಿ ಒಂದು ಸುತ್ತು ಹಾಕು, ಅದು ಸ್ವರಗಳಲ್ಲಿ ಎಷ್ಟನೇದು ಅಂತ ಎಣಿಸು, ಒಂದು ಜೋಡಿ ಕಾರ್ಬನ್ ಮಧ್ಯೆ ಅಷ್ಟು ಗೆರೆ ಹಾಕು.

ಬರೆದಾದ್ಮೇಲೆ ಹೈಡ್ರೋಜನ್ ಎಣಿಸೋದು ಬಿಡ್ಬೇಡ. ಆಲ್ಕೇನ್‌ಗೆ ಕಾರ್ಬನ್‌ನ ಎರಡರಷ್ಟು ಮೇಲೆ ಎರಡು, ಪ್ರೊಪೇನ್ ಸಿ3ಎಚ್8. ಆಲ್ಕೀನ್‌ಗೆ ಬರೀ ಎರಡರಷ್ಟು, ಪ್ರೊಪೀನ್ ಸಿ3ಎಚ್6. ಮೀಥೇನ್ ಇದೆ, ಮೀಥೀನ್ ಯಾಕಿಲ್ಲ ಅಂತ ಯಾರಾದ್ರೂ ಕೇಳಿದ್ರೆ, ಎರಡು ಗೆರೆ ಎಳೆಯೋಕೆ ಆ ಕಡೆ ಇನ್ನೊಂದು ಕಾರ್ಬನ್ ಬೇಕಲ್ಲ, ಅದಕ್ಕೆ. ಪಿಯು ಲೆಕ್ಚರರ್‌ಗಳು ಬೋರ್ಡ್ ಮೇಲೆ ಬರೀ ಅಂಕುಡೊಂಕು ಗೆರೆ ಎಳೀತಾರೆ ನೋಡು, ಅದರಲ್ಲಿ ಪ್ರತಿ ಮೂಲೇಲೂ ಎರಡೂ ತುದೀಲೂ ಒಂದೊಂದು ಕಾರ್ಬನ್ ಕೂತಿರುತ್ತೆ, ಎಲ್ಲಾದ್ರೂ ಗೆರೆ ಜೋಡಿಯಾಗಿದ್ರೆ ಅಲ್ಲೇ ಆಲ್ಕೀನ್.

ಪ್ರಶ್ನೆ: ಮಿಸ್, ಸಿ6ಎಚ್12 ಕೊಟ್ಟು ಇದು ಏನಿರ್ಬಹುದು ಅಂತ ಕೇಳಿದ್ರು. ನಾನು ಹೆಕ್ಸೀನ್ ಅಂದೆ, ಪಕ್ಕದವನು ಸೈಕ್ಲೋಹೆಕ್ಸೇನ್ ಅಂದ. ಇಬ್ರಿಗೂ ಮಾರ್ಕ್ಸ್ ಕೊಟ್ಟಿದಾರೆ. ಒಬ್ರದ್ದಾದ್ರೂ ತಪ್ಪಾಗ್ಬೇಕಲ್ವಾ?
— ವಿದ್ಯಾರ್ಥಿ, ಜಯನಗರ

ಉತ್ತರ: ಇಬ್ರದ್ದೂ ಸರಿ ಕಣಪ್ಪಾ, ಪೇಪರ್ ತಿದ್ದಿದವರು ಒಳ್ಳೆಯವರು. ಹೂವಿನ ಮಾರು ಇದೆ ಅನ್ಕೋ, ಎರಡು ತುದೀಲೂ ದಾರ ಇಳಿಬಿದ್ದಿರುತ್ತೆ, ಎರಡನ್ನೂ ಸೇರಿಸಿ ಗಂಟು ಹಾಕಿದ್ರೆ ಹಾರ ಆಗುತ್ತೆ, ತುದಿ ಅನ್ನೋದೇ ಇರಲ್ಲ. ಹಂಗೇ ಹೆಕ್ಸೇನ್‌ನ ಎರಡು ತುದಿಯಿಂದ ಒಂದೊಂದು ಹೈಡ್ರೋಜನ್ ಕಿತ್ತು ತುದಿಗಳನ್ನ ಜೋಡಿಸಿದ್ರೆ ಸೈಕ್ಲೋಹೆಕ್ಸೇನ್, ಎಲ್ಲಾ ಸಿಂಗಲ್ ಬಾಂಡೇ, ಆದ್ರೂ ಹೈಡ್ರೋಜನ್ ಎರಡು ಕಮ್ಮಿ. ಅಂದ್ರೆ ಸೂತ್ರ ನಿಂಗೆ ಹೇಳೋದು ಎರಡು ಹೈಡ್ರೋಜನ್ ಸಾಲ್ತಿಲ್ಲ ಅಂತ ಮಾತ್ರ, ಅದು ಡಬಲ್ ಬಾಂಡಿಗೆ ಹೋಯ್ತಾ ಉಂಗುರಕ್ಕೆ ಹೋಯ್ತಾ ಅಂತ ಹೇಳಲ್ಲ.

ಲೆಕ್ಕ ಇಷ್ಟೇ: ಕಾರ್ಬನ್ ಎರಡರಷ್ಟು ಮಾಡಿ ಎರಡು ಕೂಡ್ಸು, ಅದರಲ್ಲಿ ಇರೋ ಹೈಡ್ರೋಜನ್ ಕಳಿ, ಉಳಿದಿದ್ದರಲ್ಲಿ ಅರ್ಧ. ಸಿ6ಎಚ್12ಕ್ಕೆ ಒಂದು ಬರುತ್ತೆ. ಕಿತ್ತಳೆ ಸಿಪ್ಪೆ ಹಿಂಡಿದಾಗ ಘಂ ಅಂತ ಚಿಮ್ಮುತ್ತಲ್ಲ ಅದರಲ್ಲಿರೋ ಲಿಮೊನೀನ್ ಸಿ10ಎಚ್16, ಅದಕ್ಕೆ ಮೂರು ಬರುತ್ತೆ, ಅದರಲ್ಲಿ ಎರಡು ಡಬಲ್ ಬಾಂಡು, ಒಂದು ಉಂಗುರ. ಯಾವುದು ಯಾವುದು ಅಂತ ಬಿಡಿಸೋಕೆ ಪೇಪರ್ ಸಾಲಲ್ಲ, ಟೆಸ್ಟ್ ಟ್ಯೂಬ್ ಬೇಕು. ಅದನ್ನೇ ಮುಂದಿನ ಪತ್ರದಲ್ಲಿ ಕೇಳಿದಾರೆ.

ಪ್ರಶ್ನೆ: ಮೇಡಂ, ನಮ್ಮ ಮಗನ ಸ್ಕೂಲಲ್ಲಿ ಲ್ಯಾಬ್ ಇದೆ, ಬ್ರೋಮಿನ್ ಇಲ್ವಂತೆ, ವಿಡಿಯೋ ತೋರಿಸಿ ಮುಗಿಸಿದಾರೆ. ಲೇಬಲ್ ಇಲ್ಲದ ಎರಡು ಬಾಟಲಿ, ಒಂದ್ರಲ್ಲಿ ಹೆಕ್ಸೇನ್ ಒಂದ್ರಲ್ಲಿ ಹೆಕ್ಸೀನ್, ಹೇಗೆ ಗುರುತಿಸೋದು ಅಂತ ಪ್ರಶ್ನೆ ಬರುತ್ತಂತೆ. ನಾನು ಓದಿದ್ದು ಕಾಮರ್ಸ್. ಮನೇಲೇ ಏನಾದ್ರೂ ಮಾಡಿ ತೋರಿಸ್ಬಹುದಾ?
— ಒಬ್ಬ ತಾಯಿ, ವಿಜಯನಗರ

ಉತ್ತರ: ಅಮ್ಮ, ಮೊದಲೇ ಹೇಳ್ಬಿಡ್ತೀನಿ, ಬ್ರೋಮಿನ್ ಮನೆಗೆ ತರೋ ವಸ್ತು ಅಲ್ಲ. ಚರ್ಮ ಸುಡುತ್ತೆ, ಆವಿ ಗಂಟಲಿಗೆ ಹೋದ್ರೆ ತುಂಬಾ ಕಷ್ಟ. ಎಲ್ಲಿಂದಾದ್ರೂ ತರಿಸ್ಕೊಡ್ತೀನಿ ಅಂತ ಯಾರಾದ್ರೂ ಅಂದ್ರೂ ಬೇಡ. ಆದ್ರೆ ಲ್ಯಾಬಲ್ಲಿ ಏನಾಗುತ್ತೆ ಅಂತ ಕಣ್ಣಿಗೆ ಕಟ್ಟೋ ಹಾಗೆ ಹೇಳ್ತೀನಿ, ಮಗನಿಗೆ ಓದಿಸಿ.

ಬ್ರೋಮಿನ್ ನೀರು ಅಂದ್ರೆ ನೀರಲ್ಲಿ ಕರಗಿದ ಬ್ರೋಮಿನ್, ಕಿತ್ತಳೆ ಮಿಶ್ರಿತ ಕಂದು ಬಣ್ಣ, ತೆಳ್ಳಗಿದ್ರೆ ಹಳದಿ. ಎರಡು ಟ್ಯೂಬಲ್ಲಿ ಸ್ವಲ್ಪ ಸ್ವಲ್ಪ ಹಾಕಿ, ಒಂದಕ್ಕೆ ಹೆಕ್ಸೀನ್ ಒಂದಕ್ಕೆ ಹೆಕ್ಸೇನ್ ಬಿಟ್ಟು ಬೂಚು ಹಾಕಿ ಅಲ್ಲಾಡಿಸಿದ್ರೆ ಹೆಕ್ಸೀನ್ ಇದ್ದ ಟ್ಯೂಬಲ್ಲಿ ಬಣ್ಣ ನೋಡ್ತಾ ನೋಡ್ತಾ ಮಾಯ, ಹೆಕ್ಸೇನ್ ಇದ್ದಿದ್ದು ಹಾಗೇ. ಪುಸ್ತಕದಲ್ಲಿ ಇಷ್ಟೇ ಬರೆದಿರೋದು, ಇಲ್ಲೇ ಎಡವಟ್ಟಾಗೋದು. ನಾನು ಪಿಯುಸಿ ಓದೋವಾಗ ಪ್ರಾಕ್ಟಿಕಲ್ಸಲ್ಲಿ ನಂಗೆ ಬಂದಿದ್ದು ಹೆಕ್ಸೇನು. ಅಲ್ಲಾಡಿಸಿ ಇಟ್ಟೆ, ಕೆಳಗಿನ ನೀರು ಬಿಳಿಚ್ಕೊಂಡಿತ್ತು, ಖುಷಿಯಾಗಿ ಆಲ್ಕೀನ್ ಅಂತ ಬರೆದೆ. ಲೆಕ್ಚರರ್ ಬಂದು ಟ್ಯೂಬ್ ಬೆಳಕಿಗೆ ಹಿಡಿದು, ಮೇಲಿನ ಪದರ ನೋಡಮ್ಮ ಅಂದ್ರು. ನೋಡಿದ್ರೆ ಕೆಳಗಿದ್ದ ಬಣ್ಣ ಎಲ್ಲಾ ಮೇಲೆ ಹೋಗಿ ಕೂತಿದೆ! ಹೆಕ್ಸೇನ್ ನೀರಲ್ಲಿ ಬೆರೆಯಲ್ಲ, ನೀರಿಗಿಂತ ಹಗುರ, ಮೇಲೆ ತೇಲುತ್ತೆ, ಬ್ರೋಮಿನ್‌ಗೆ ನೀರಿಗಿಂತ ಹೆಕ್ಸೇನ್ ಜೊತೆ ಸಲಿಗೆ ಜಾಸ್ತಿ, ಅದಕ್ಕೆ ಮೇಲಕ್ಕೆ ಹೋಗ್ಬಿಡುತ್ತೆ. ಬಣ್ಣ ಮನೆ ಬದಲಾಯಿಸಿತ್ತು ಅಷ್ಟೇ, ಹೋಗಿರ್ಲಿಲ್ಲ. ಹೆಕ್ಸೀನ್ ಆದ್ರೆ ಎರಡೂ ಪದರದಲ್ಲಿ ಬಣ್ಣ ಇರಲ್ಲ. ಈ ಒಂದು ಮಾತು ಮಗ ನೆನಪಿಟ್ಕೊಂಡ್ರೆ ಸಾಕು, ವಿಡಿಯೋದಲ್ಲಿ ಇದನ್ನ ಹೇಳಿರ್ತಾರೋ ಇಲ್ವೋ.

ಇನ್ನೊಂದು, ಹೆಕ್ಸೇನ್ ಟ್ಯೂಬನ್ನ ಕಿಟಕಿ ಹತ್ರ ಬಿಸಿಲಲ್ಲಿ ಇಟ್ಟು ಮರೆತ್ರೆ ಅದೂ ನಿಧಾನಕ್ಕೆ ಬಣ್ಣ ಕಳ್ಕೊಳ್ಳುತ್ತೆ. ಯಾಕೆ ಅಂದ್ರೆ ಬೆಳಗ್ಗೆ 9 ಗಂಟೆ ಮೆಜೆಸ್ಟಿಕ್ ಬಸ್ ನೆನೆಸ್ಕೊಳಿ, ತುಂಬಿ ತುಳುಕ್ತಿರುತ್ತೆ, ಒಬ್ರು ಇಳಿದ್ರೇನೇ ಇನ್ನೊಬ್ರು ಹತ್ತೋದು. ಆಲ್ಕೇನ್ ಹಂಗೆ, ಹೈಡ್ರೋಜನ್ ಒಂದು ಇಳೀಬೇಕು, ಆ ಜಾಗಕ್ಕೆ ಬ್ರೋಮಿನ್ ಹತ್ತಬೇಕು, ಅದಕ್ಕೆ ಬಿಸಿಲಿನ ತಳ್ಳಾಟ ಬೇಕು, ಪುಸ್ತಕದ ಭಾಷೇಲಿ ಆದೇಶನ ಕ್ರಿಯೆ. ಆಲ್ಕೀನ್ ಅಂದ್ರೆ ಎರಡು ಸೀಟಲ್ಲಿ ಒಬ್ಬರೇ ಬ್ಯಾಗ್ ಇಟ್ಕೊಂಡು ಕೂತ ಹಾಗೆ, ಬ್ಯಾಗ್ ತೆಗೆದ್ರೆ ಜಾಗ ಆಯ್ತು, ಯಾರೂ ಇಳಿಯೋದು ಬೇಡ, ಕತ್ತಲಲ್ಲೂ ಥಟ್ ಅಂತ ಆಗುತ್ತೆ. ಅದು ಸಂಕಲನ ಕ್ರಿಯೆ. ಪರ್ಯಾಪ್ತ, ಅಪರ್ಯಾಪ್ತ ಅಂತ ಕನ್ನಡ ಪುಸ್ತಕದಲ್ಲಿರೋ ಪದಗಳಿಗೆ ಅರ್ಥ ಇದೇ, ಬಸ್ ಫುಲ್, ಬಸ್ಸಲ್ಲಿ ಜಾಗ ಇದೆ.

ಬ್ರೋಮಿನ್ ಇಲ್ಲದ ಲ್ಯಾಬಲ್ಲಿ ಮಾಡ್ಬಹುದಾದ್ದು ಬೇಯರ್ ಪರೀಕ್ಷೆ. ಪೊಟ್ಯಾಷಿಯಂ ಪರ್ಮ್ಯಾಂಗನೇಟನ್ನ ನೂರಕ್ಕೆ ಒಂದರಷ್ಟು ತೆಳ್ಳಗೆ ಮಾಡಿ ಸ್ವಲ್ಪ ಕ್ಷಾರ ಸೇರಿಸಿ ತಣ್ಣಗೆ ಇಟ್ಕೊಂಡು ಹಾಕೋದು. ಆಲ್ಕೀನ್ ಇದ್ರೆ ಬೀಟ್‌ರೂಟ್ ನೀರಿನ ಥರ ಇದ್ದ ಬಣ್ಣ ಹೋಗಿ ಡಿಕಾಕ್ಷನ್ ತಳದ ಗಸಿ ಥರ ಕಂದು ಪುಡಿ ಇಳಿಯುತ್ತೆ, ಅದು ಮ್ಯಾಂಗನೀಸ್ ಡೈ ಆಕ್ಸೈಡ್. ಈ ಬೇಯರ್ ಅನ್ನೋ ಜರ್ಮನ್ ಕೆಮಿಸ್ಟ್‌ಗೆ 1905ರಲ್ಲಿ ಕೆಮಿಸ್ಟ್ರಿ ನೊಬೆಲ್ ಬಂತು, ಈ ಪರೀಕ್ಷೆಗಲ್ಲ, ಬಣ್ಣಗಳ ಕೆಲಸಕ್ಕೆ. ಸ್ಕೂಲವರಿಗೆ ಇದನ್ನಾದ್ರೂ ಮಾಡಿಸಿ ಅಂತ ಪೇರೆಂಟ್ಸ್ ಮೀಟಿಂಗಲ್ಲಿ ಕೇಳಿ, ಖರ್ಚು ಹೆಚ್ಚೇನಿಲ್ಲ. ಆದ್ರೆ ಎರಡು ಪರೀಕ್ಷೆನೂ ಕಣ್ಣು ಮುಚ್ಚಿ ನಂಬೋ ಹಾಗಿಲ್ಲ. ಆಲ್ಡಿಹೈಡ್ ಕೂಡ ಪರ್ಮ್ಯಾಂಗನೇಟ್ ಬಣ್ಣ ತೆಗೆಯುತ್ತೆ, ಫೀನಾಲ್ ಬ್ರೋಮಿನ್ ನೀರಿನ ಬಣ್ಣ ತೆಗೆದು ಬಿಳಿ ಪುಡಿ ಬೀಳಿಸುತ್ತೆ. ಬೆಂಜೀನ್‌ದು ಉಲ್ಟಾ, ಚಿತ್ರದಲ್ಲಿ ಮೂರು ಡಬಲ್ ಬಾಂಡ್ ಬರೆದಿರ್ತಾರೆ, ಬ್ರೋಮಿನ್ ನೀರು ಹಾಕಿದ್ರೆ ಜಪ್ಪಯ್ಯ ಅನ್ನಲ್ಲ. ಅದಕ್ಕೇ ಬಾಟಲೀಲಿ ಇರೋದು ಹೆಕ್ಸೇನ್ ಇಲ್ಲಾ ಹೆಕ್ಸೀನೇ ಅಂತ ಮೊದಲು ಖಾತ್ರಿ ಇದ್ದಾಗ ಮಾತ್ರ ಈ ಉತ್ತರ ಬರೀಬೇಕು.

ಈಗ ಮನೇಲಿ ಮಾಡೋದು. ರಾತ್ರಿ ಒಂದು ಹಿಡಿ ಕಡಲೆಕಾಳು ನೆನೆಸಿ, ಬೆಳಗ್ಗೆ ಒಂದು ಡಬ್ಬಿ ಟೂತ್‌ಪಿಕ್ ಇಟ್ಕೊಂಡು ಕೂರಿ. (ಸೀಸನ್ ಇತ್ತು ಅಂತ ನಾನೊಮ್ಮೆ ಅವರೆಕಾಳಲ್ಲಿ ಮಾಡಿಸೋಕೆ ಹೋದೆ, ಚುಚ್ಚಿದ ತಕ್ಷಣ ಸಿಪ್ಪೆಯಿಂದ ಜಾರಿ ಎಲ್ಲಾ ಹಿತಕಿದ ಬೇಳೆ ಆಯ್ತು, ಸಾರಿಗೆ ಹಾಕಿದ್ವಿ.) ಎರಡು ಕಾಳನ್ನ ಒಂದೇ ಕಡ್ಡಿಯಿಂದ ಜೋಡಿಸಿ, ಒಂದನ್ನ ಹಿಡಿದು ಇನ್ನೊಂದನ್ನ ತಿರುಗಿಸಿ, ಸಲೀಸಾಗಿ ತಿರುಗುತ್ತೆ. ಈಗ ಪಕ್ಕದಲ್ಲೇ ಇನ್ನೊಂದು ಕಡ್ಡಿ ಚುಚ್ಚಿ ತಿರುಗಿಸಿ, ಜಗ್ಗಲ್ಲ. ಆಲ್ಕೇನ್‌ಗೂ ಆಲ್ಕೀನ್‌ಗೂ ಇರೋ ಈ ವ್ಯತ್ಯಾಸ ಬಣ್ಣದ ಪರೀಕ್ಷೆಗಿಂತ ನಂಗೆ ಇಷ್ಟ. ತಿರುಗಲ್ಲ ಅನ್ನೋ ಕಾರಣಕ್ಕೇ ಬ್ಯೂಟ್-2-ಈನ್‌ನಲ್ಲಿ (ನಾಲ್ಕು ಕಾರ್ಬನ್ ಸರ, ನಡುವೆ ಡಬಲ್ ಬಾಂಡ್) ತುದಿಯ ಕಾರ್ಬನ್ನುಗಳು ಒಂದೇ ಪಕ್ಕ ಇದ್ರೆ ಒಂದು ವಸ್ತು, ಆ ಕಡೆ ಈ ಕಡೆ ಇದ್ರೆ ಇನ್ನೊಂದು ವಸ್ತು, ಸಿಸ್ ಮತ್ತು ಟ್ರಾನ್ಸ್ ಅಂತ, ಮೊದಲನೇದು ಸುಮಾರು 4 ಡಿಗ್ರಿಗೆ ಕುದಿಯುತ್ತೆ, ಎರಡನೇದು ಸುಮಾರು 1 ಡಿಗ್ರಿಗೆ. ಬ್ಯೂಟೇನ್‌ಗೆ ಈ ರಗಳೆಯೇ ಇಲ್ಲ, ಮಧ್ಯದ ಕಡ್ಡಿ ಸುತ್ತ ಆರಾಮಾಗಿ ತಿರುಗ್ತಾ ಇರುತ್ತೆ.

ಇನ್ನೊಂದು ಪ್ರಯೋಗ ನಿಮ್ಮ ಮನೇಲಿ ಪ್ರತಿ ಡಿಸೆಂಬರ್‌ನಲ್ಲೂ ತಾನಾಗೇ ನಡೀತಿರುತ್ತೆ. ಬೆಂಗಳೂರಿನ ಚಳಿಗೆ ತಲೆಗೆ ಹಚ್ಚೋ ಕೊಬ್ಬರಿ ಎಣ್ಣೆ ಬಾಟಲೀಲಿ ಗಟ್ಟಿಯಾಗಿ ಕೂತಿರುತ್ತೆ, ಪಕ್ಕದಲ್ಲೇ ಇರೋ ಸನ್‌ಫ್ಲವರ್ ಎಣ್ಣೆ ಹರೀತಾನೇ ಇರುತ್ತೆ. ಎಣ್ಣೆಗಳು ಆಲ್ಕೀನ್ ಅಲ್ಲ, ಅವು ಎಸ್ಟರ್ ಅನ್ನೋ ಬೇರೆ ಜಾತಿ, ಆದ್ರೆ ಒಳಗಿರೋ ಉದ್ದ ಕಾರ್ಬನ್ ಸರದಲ್ಲಿ ಡಬಲ್ ಬಾಂಡ್ ಇರುತ್ತೆ. ಕೊಬ್ಬರಿ ಎಣ್ಣೇಲಿ ಅದು ತುಂಬಾ ಕಮ್ಮಿ, ಸರಗಳು ನೆಟ್ಟಗೆ, ಒಂದರ ಪಕ್ಕ ಒಂದು ಒತ್ತಾಗಿ ಮಲಗುತ್ತೆ, 24 ಡಿಗ್ರಿ ಆಸುಪಾಸಿಗೇ ಗಟ್ಟಿ. ಸನ್‌ಫ್ಲವರ್‌ದು ಡಬಲ್ ಬಾಂಡ್ ಇದ್ದಲ್ಲಿ ಸೊಟ್ಟಗೆ ಬಾಗಿರುತ್ತೆ, ಒತ್ತಾಗಿ ಕೂರಲ್ಲ. 100 ಗ್ರಾಂ ಎಣ್ಣೆ ಎಷ್ಟು ಗ್ರಾಂ ಅಯೋಡಿನ್ ಹೀರುತ್ತೆ ಅಂತ ಲ್ಯಾಬಲ್ಲಿ ಅಳೀತಾರೆ, ಅಯೋಡಿನ್ ಸಂಖ್ಯೆ ಅಂತ ಹೆಸರು, ಕೊಬ್ಬರಿ ಎಣ್ಣೆಗೆ 10ರ ಒಳಗೆ, ಸಾಮಾನ್ಯ ಸನ್‌ಫ್ಲವರ್‌ಗೆ 120, 130ರ ಹತ್ರ. ಆ ಡಬಲ್ ಬಾಂಡ್‌ಗಳಿಗೆ ನಿಕ್ಕಲ್ ಜೊತೆ ಹೈಡ್ರೋಜನ್ ತುಂಬಿಸಿ ಗಟ್ಟಿ ಮಾಡಿದ್ದೇ ವನಸ್ಪತಿ. ಮಗನಿಗೆ ಎರಡು ಬಾಟಲಿ ಪಕ್ಕಪಕ್ಕ ಇಟ್ಟು ತೋರಿಸಿ. ಚಳಿ ಇಲ್ಲ ಅಂದ್ರೆ ಫ್ರಿಜ್ ಇದೆಯಲ್ಲ.

ಪ್ರಶ್ನೆ: ನಮಸ್ಕಾರ ಮೇಡಂ. ನಂದು ಸಣ್ಣ ದರ್ಶಿನಿ ಹೋಟ್ಲು. ಆಲ್ಕೇನ್ ನೀಲಿಯಾಗಿ ಉರಿಯುತ್ತೆ, ಆಲ್ಕೀನ್ ಹಳದಿಯಾಗಿ ಹೊಗೆ ಬಿಟ್ಟು ಉರಿಯುತ್ತೆ ಅಂತ ಮಗಳು ಓದ್ತಿದ್ಲು. ಎರಡು ವಾರದಿಂದ ನಮ್ಮ ಒಲೆ ಹಳದಿ ಉರೀತಿದೆ, ಪಾತ್ರೆ ತಳ ಎಲ್ಲಾ ಮಸಿ. ಹಾಗಾದ್ರೆ ಸಿಲಿಂಡರಲ್ಲಿ ಏನೋ ಕಲಬೆರಕೆ ಮಾಡಿದಾರಾ?
— ಹೋಟೆಲ್ ನಡೆಸುವವರು, ಕಾಮಾಕ್ಷಿಪಾಳ್ಯ

ಉತ್ತರ: ಇಲ್ಲ ಸರ್, ಗ್ಯಾಸ್ ಏಜೆನ್ಸಿಯವರ ಜೊತೆ ಜಗಳಕ್ಕೆ ಹೋಗ್ಬೇಡಿ, ಮೊದಲು ಬರ್ನರ್ ಬಿಚ್ಚಿ. ಗಾಳಿ ಒಳಗೆ ಹೋಗೋ ತೂತುಗಳು ಸಾಂಬಾರು ಹಾಲು ಉಕ್ಕಿ ಕಟ್ಕೊಂಡಿರುತ್ತೆ, ಆಕ್ಸಿಜನ್ ಸಾಲಲ್ಲ, ಕಾರ್ಬನ್ ಪೂರ್ತಿ ಸುಡದೆ ಮಸಿಯಾಗಿ ಪಾತ್ರೆಗೆ ಅಂಟುತ್ತೆ. ಒಲೆ ಆರಿಸಿ, ರೆಗ್ಯುಲೇಟರ್ ಆಫ್ ಮಾಡಿ, ತಣ್ಣಗಾದ್ಮೇಲೆ ಬ್ರಷ್ ಹಾಕಿ ತೊಳೆದು ಒಣಗಿಸಿ ಹಾಕಿ. ಆಗಲೂ ಹಳದಿನೇ ಬಂದ್ರೆ ಸ್ಟವ್ ರಿಪೇರಿಯವರನ್ನ ಕರೀರಿ.

ಮಗಳ ಪುಸ್ತಕದ ಮಾತು ಸುಳ್ಳಲ್ಲ, ಆದ್ರೆ ಅರ್ಧ. ಎಲ್‌ಪಿಜಿ ಅಂದ್ರೆ ಮುಖ್ಯವಾಗಿ ಪ್ರೊಪೇನ್, ಬ್ಯೂಟೇನ್, ರಿಫೈನರಿಯಿಂದ ಬಂದಿದ್ರಲ್ಲಿ ಸ್ವಲ್ಪ ಪ್ರೊಪೀನ್ ಬ್ಯೂಟೀನ್ ಕೂಡ ಇರ್ಬಹುದು, ಅದು ಕಲಬೆರಕೆ ಅಲ್ಲ. ತೂಕದಲ್ಲಿ ಈಥೇನ್‌ಗೆ ನೂರಕ್ಕೆ 80 ಭಾಗ ಕಾರ್ಬನ್, ಈಥೀನ್‌ಗೆ 85.7, ಕಾರ್ಬನ್ ಪಾಲು ಜಾಸ್ತಿ ಇದ್ದಷ್ಟೂ ಅದು ಪೂರ್ತಿ ಸುಡದೆ ಮಸಿಯಾಗಿ ಉಳಿಯೋದು ಜಾಸ್ತಿ, ಅದಕ್ಕೆ ಹೊಗೆ. ಆದ್ರೆ ಜ್ವಾಲೆ ನೋಡಿ ಆಲ್ಕೇನೋ ಆಲ್ಕೀನೋ ಅಂತ ತೀರ್ಪು ಕೊಡ್ಬಾರ್ದು. ಕರೆಂಟ್ ಹೋದಾಗ ಹಚ್ಚೋ ಮೇಣದಬತ್ತಿ ನೋಡಿ, ಪ್ಯಾರಫಿನ್ ಮೇಣ ಅಂದ್ರೆ ಉದ್ದುದ್ದ ಆಲ್ಕೇನ್‌ಗಳೇ, ಉರಿಯೋದು ಮಾತ್ರ ಹಳದಿ, ಮೇಲೆ ಚಮಚ ಹಿಡಿದ್ರೆ ಮಸಿ. ಮಗಳಿಗೆ ಇದನ್ನ ತೋರಿಸಿ, ಟೀಚರ್‌ನ ಕ್ಲಾಸಲ್ಲಿ ಕೇಳಲಿ.

ಪ್ರಶ್ನೆ: ಕಾಯಿ ಹಣ್ಣಾಗೋದು ಈಥೀನ್ ಇಂದ ಅಂತಾರೆ, ಕಾರ್ಬೈಡ್ ಹಾಕಿದ್ರೂ ಹಣ್ಣಾಗುತ್ತೆ. ಅಂದ್ರೆ ಕಾರ್ಬೈಡಲ್ಲಿ ಬರೋದೂ ಈಥೀನೇನಾ?
— ಓದುಗರು, ಮಲ್ಲೇಶ್ವರಂ

ಉತ್ತರ: ಅಲ್ಲ. ಕ್ಯಾಲ್ಸಿಯಂ ಕಾರ್ಬೈಡ್‌ಗೆ ನೀರಿನ ಪಸೆ ತಾಗಿದ್ರೆ ಬರೋದು ಅಸಿಟಿಲೀನ್. ಕೊನೇಲಿ ಈನ್ ಅಂತ ಕೇಳ್ಸಿದ್ರೂ ಅದು ಆಲ್ಕೀನ್ ಅಲ್ಲ, ಮೂರು ಬಂಧದ ಈಥೈನ್, ಪೀಣ್ಯದಲ್ಲಿ ಗ್ಯಾಸ್ ವೆಲ್ಡಿಂಗ್ ಮಾಡ್ತಾರಲ್ಲ ಅದೇ ಗ್ಯಾಸು. ಹಳೇ ಹೆಸರು, ಹಾಫ್‌ಮನ್ ಲೆಕ್ಕಕ್ಕೆ ಸಿಗಲ್ಲ. ಹಣ್ಣಿನ ಮೇಲೆ ಸ್ವಲ್ಪ ಈಥೀನ್ ಥರಾನೇ ಕೆಲಸ ಮಾಡುತ್ತೆ, ಆದ್ರೆ ಕಾರ್ಬೈಡಲ್ಲಿ ಆರ್ಸೆನಿಕ್, ಫಾಸ್ಫರಸ್ ಕಲ್ಮಶ ಇರುತ್ತೆ, ಅದಕ್ಕೇ ಹಣ್ಣು ಮಾಡೋಕೆ ಅದನ್ನ ಬಳಸೋದು ನಮ್ಮ ದೇಶದಲ್ಲಿ ನಿಷೇಧ. ಈಥೀನ್ ಗ್ಯಾಸ್‌ಗೆ ಹತ್ತು ಲಕ್ಷಕ್ಕೆ 100 ಭಾಗದ ತನಕ ಅನುಮತಿ ಇದೆ. ಅಜ್ಜಿ ಮಾವಿನಕಾಯಿನ ಅಕ್ಕಿ ಡ್ರಮ್ಮಲ್ಲಿ ಹೂತಿಡ್ತಿದ್ರಲ್ಲ, ಅಲ್ಲಿ ಕಾಯಿ ತಾನೇ ಬಿಟ್ಟ ಈಥೀನ್ ಆಚೆ ಹೋಗದೆ ಅಲ್ಲೇ ಉಳಿಯುತ್ತೆ.

ಪ್ರಶ್ನೆ: ಮಿಸ್, ಪಾಲಿಥೀನ್ ಕವರ್ ಕೂಡ ಈನ್ ಅಂತ ಮುಗಿಯುತ್ತೆ, ಅದೂ ಆಲ್ಕೀನಾ? ಬ್ರೋಮಿನ್ ನೀರಲ್ಲಿ ಹಾಕಿದ್ರೆ ಬಣ್ಣ ಹೋಗುತ್ತಾ?
— 10ನೇ ತರಗತಿ, ಬಸವನಗುಡಿ

ಉತ್ತರ: ಶಭಾಷ್ ಮರಿ, ಈ ಸಲದ ಪತ್ರಗಳಲ್ಲೆಲ್ಲಾ ನಂಗೆ ಇಷ್ಟ ಆಗಿದ್ದು ಇದು. ಹೋಗಲ್ಲ. ಸಾವಿರಾರು ಈಥೀನ್ ಅಣುಗಳು ತಮ್ಮ ಎರಡನೇ ಬಂಧ ಬಿಚ್ಚಿ ಪಕ್ಕದವರ ಕೈ ಹಿಡ್ಕೊಂಡಾಗಲೇ ಪಾಲಿಥೀನ್ ಆಗೋದು, ಹಿಡ್ಕೊಂಡಾದ್ಮೇಲೆ ಡಬಲ್ ಬಾಂಡ್ ಎಲ್ಲಿ ಉಳೀತು? ಅದು ಬಲು ಉದ್ದದ ಆಲ್ಕೇನ್ ಇದ್ದ ಹಾಗೆ. ಅಪ್ಪ ಅಮ್ಮನ ಇನಿಷಿಯಲ್ ಮಕ್ಕಳಿಗೆ ಬರುತ್ತಲ್ಲ, ಹಾಗೆ ಹೆಸರಲ್ಲಿ ಮಾತ್ರ ಈಥೀನ್ ಉಳ್ಕೊಂಡಿದೆ.